ಸಮುದ್ರಕ್ಕೆ ಹೊರಟ ಪೆಟ್ಟಿಗೆ

ಪ್ರವಾಸದ ಬಗ್ಗೆ ಸಲಹೆ ಕೊಡುವವರಲ್ಲಿ ಎರಡು ಬಗೆ. ಹೋಗಿ ಬಂದು ಹೇಳುವವರು ಮತ್ತು ಮನೆಯಲ್ಲಿ ಕೂತು ಹೇಳುವವರು. ಮೊದಲನೆಯವರ ಮಾತಿನಲ್ಲಿ ಗೊಂದಲ ಬಹಳ. ಬಿಸಿಲು ಹತ್ತಿದ್ದು, ಗಂಟು ಕಳೆದದ್ದು, ಹೊಟ್ಟೆ ಕೆಟ್ಟದ್ದು ಎಲ್ಲ ನಡುವೆ ಬಂದು, ಕೇಳಿದ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ಎರಡನೆಯವರ ಮಾತು ಸ್ವಚ್ಛ. ನಾನು ಎರಡನೆಯ ಬಗೆಯವನೆಂದು ಈ ಇಳಿವಯಸ್ಸಿನಲ್ಲಾದರೂ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಬಸವಕಲ್ಯಾಣವನ್ನು ಜನ ಇನ್ನೂ ಬರೀ ಕಲ್ಯಾಣಿ ಎನ್ನುತ್ತಿದ್ದ ನಿಜಾಮರ ಕಾಲ ಅದು. ಆಗ ನಾನು ಅಲ್ಲಿ ಶಾಲಾ ಮಾಸ್ತರ. ನಮ್ಮ ಓಣಿಯಿಂದ ಯಾರು ಊರು ನೋಡಲು ಹೊರಟರೂ ಮೊದಲು ನನ್ನ ಕಟ್ಟೆಗೆ ಬಂದು ಕೂಡುತ್ತಿದ್ದರು. ನನ್ನ ಹತ್ತಿರ ಒಂದು ವಹಿ ಇತ್ತು. ಎಡಗಡೆ ಊರಿನ ಹೆಸರು, ಬಲಗಡೆ ಸೂಚನೆ. ಬೀದರಿನ ಕೋಟೆಯನ್ನು ಬೆಳಿಗ್ಗೆಯೇ ನೋಡಿ ಮುಗಿಸಬೇಕು, ಮಧ್ಯಾಹ್ನ ಕಲ್ಲು ಕಾದು ಕಾಲು ಸುಡುತ್ತದೆ. ಗುಲಬರ್ಗಾಕ್ಕೆ ಹೋಗುವವರು ಹಗ್ಗ ಒಯ್ಯಬೇಕು. ಧರ್ಮಶಾಲೆಯ ಬಾವಿಗೆ ಕೊಡ ಇರುತ್ತದೆ, ಹಗ್ಗ ಇರುವುದಿಲ್ಲ. ಇದ್ದಿಲಿನ ಬಸ್ಸಿನಲ್ಲಿ ಹಿಂದಿನ ಸಾಲಿನಲ್ಲಿ ಕೂಡುವವರು ಬಿಳಿ ಧೋತರ ಉಡಬಾರದು. ಇವನ್ನೆಲ್ಲ ನಾನು ಹೋಗಿ ಬಂದವರ ಗೊಂದಲದಿಂದ ಹೆಕ್ಕಿ, ತೊಳೆದು, ಸಾಲಾಗಿ ಬರೆದಿಟ್ಟುಕೊಂಡಿದ್ದೆ.

ಪಕ್ಕದ ಮನೆಯ ಖಾಸಿಂಸಾಬ ಕುದುರೆ ಎತ್ತುಗಳಿಗೆ ಲಾಳ ಹೊಡೆಯುವವನು. ಬೇರೆಯವರ ಕಾಲಿನ ಬಗ್ಗೆ ಚೆನ್ನಾಗಿ ಬಲ್ಲವನು. ಒಂದು ದಿನ ಕಟ್ಟೆಯ ಮೇಲೆ ನಾಲ್ಕು ಜನರ ಎದುರಿಗೆ ಕೇಳಿಯೇಬಿಟ್ಟ:

"ಮಾಸ್ತರ್, ಎಲ್ಲಾರಿಗೂ ಹಾದಿ ಹೇಳ್ತೀರಿ. ನೀವು ಎಲ್ಲಿತನಕ ಹೋಗೀರಿ?"

"ಹುಮನಾಬಾದಕ್ಕ ಹೋಗೀನಿ."

"ಅದರಾಚಿ?"

"ಹುಮನಾಬಾದದಾಗೇ ಇನ್ನೊಂದು ಓಣಿಗಿ ಹೋಗೀನಿ," ಎಂದೆ. ಸುಳ್ಳು ಹೇಳುವುದು ನನ್ನ ದಿನಚರಿಯಲ್ಲಿ ಇರಲಿಲ್ಲ.

ದಿನಚರಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಾನು ಓದಿದ್ದು ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು, ಗಂಟೆ ಬಾರಿಸದಿದ್ದರೆ ಸುಮ್ಮನಿರಬೇಕು ಎನ್ನುವಂಥ ವಸತಿಶಾಲೆಯಲ್ಲಿ. ಅಲ್ಲಿಂದ ಹೊರಬಿದ್ದು ಎಷ್ಟೋ ವರ್ಷಗಳಾದರೂ ನನ್ನೊಳಗಿನ ಗಂಟೆ ನಿಂತಿರಲಿಲ್ಲ. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಎಂಟಕ್ಕೆ ರೊಟ್ಟಿ. ರಜೆ ಎಂಬುದನ್ನು ನಾನು ಶಾಲೆ ಕೊಟ್ಟಾಗ ತೆಗೆದುಕೊಂಡಿದ್ದೇನೆಯೇ ಹೊರತು ಬೇಡಿ ಪಡೆದವನಲ್ಲ. ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ನನ್ನ ಅಕ್ಕ. ತಾಯಿ ಸತ್ತ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು, ನನ್ನ ಗಂಟೆಗಳ ನಡುವೆ ಸದ್ದಿಲ್ಲದೆ ಓಡಾಡಿಕೊಂಡಿದ್ದಳು.

ಒಂದು ಚಳಿಗಾಲ ಅಕ್ಕ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ನಡೆಯತೊಡಗಿದಳು. "ಎದುರಿಗಿಂದು ಕಾಣ್ತದ ತಮ್ಮಾ, ಬಾಜೂದ್ದು ಕಾಣವಲ್ದು. ಬಳಿಯೊಳಗಿಂದ ನೋಡಿದಂಗ ಆಗ್ಯದ," ಎಂದಳು. ಶುಕ್ರವಾರ ಶಾಲೆಗೆ ಬಿಡುವು. ಆ ದಿನ ಅವಳನ್ನು ಹುಮನಾಬಾದದ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಬೆರಳಿನಿಂದ ಗುಡ್ಡೆಯನ್ನು ಒತ್ತಿ ನೋಡಿದರು, ಆಮೇಲೆ ನನ್ನನ್ನು ಹೊರಗೆ ಕರೆದರು. "ಇದು ಬಿಳಿ ಪೊರಿ ಅಲ್ರಿ, ತೆಗಿಲಿಕ್ಕಿ ಬರಂಗಿಲ್ಲ. ಒಳಗಿನ ನರಾನೇ ಒಣಗಾಕತ್ತದ. ಹೋದ ಬೆಳಕು ವಾಪಸ್ ಬರಂಗಿಲ್ಲ. ಇನ್ನೊಂದು ಐದಾರು ತಿಂಗಳು ಇರಬಹುದು. ಅಕ್ಕಾರಿಗಿ ಏನಾರ ನೋಡೋ ಆಸೆ ಇದ್ರ ಜಲ್ದಿ ತೋರಿಸಿಬಿಡ್ರಿ," ಎಂದರು. ಒಳಗೆ ಕೂತಿದ್ದ ಅಕ್ಕನಿಗೆ ಕಣ್ಣು ಮಂಜಾದರೂ ಕಿವಿ ಚುರುಕಾಗಿತ್ತು. ಬಸ್ಸಿನಲ್ಲಿ ಬರುವಾಗ ತಾನೇ ಹೇಳಿದಳು:

"ನನಗ ಸಮುದ್ರ ನೋಡಬೇಕು ತಮ್ಮಾ."

"ಸಮುದ್ರ ಯಾಕ? ಹೈದರಾಬಾದ ನೋಡು, ಬಿಜಾಪುರ ನೋಡು."

"ಅವೆಲ್ಲ ಕಲ್ಲು. ಕಲ್ಲು ನಮ್ಮೂರಾಗೂ ಅವ. ನಾ ನೋಡಿದ ನೀರಿಗೆಲ್ಲ ಆಚಿ ದಂಡಿ ಇತ್ತು. ತ್ರಿಪುರಾಂತದ ಕೆರಿ ನೋಡಿದ್ರೂ ಆಚಿಗಿ ಯಾರರ ಅರಿವಿ ಒಗ್ಯಾಕತ್ತಿರತಾರ. ದಂಡಿ ಇಲ್ಲದ ನೀರು ಒಂದ್ಸಲ ನೋಡಿಬಿಟ್ರ ಸಾಕು. ಆಮ್ಯಾಲ ಕಣ್ಣು ಹೋದ್ರೂ ಹೋಗ್ಲಿ."

ಈಗ ಯಾರಾದರೂ ನನ್ನ ಹತ್ತಿರ ಇಂಥ ಮಾತು ತಂದರೆ, ಆ ಬಸ್ಸಿನಿಂದ ಇಳಿಯಬೇಡಿ, ಹಾಗೆಯೇ ಮುಂದೆ ಹೋಗಿಬಿಡಿ ಎನ್ನುತ್ತೇನೆ. ಪ್ರವಾಸಿಗರಿಗೆ ನಾನು ಕೊಡಬಹುದಾದ ಒಂದೇ ಒಂದು ಸ್ವಂತ ಅನುಭವದ ಸಲಹೆ ಅದು. ಆದರೆ ಆಗ ನಾನು ಮಾಡಿದ್ದೇನೆಂದರೆ ಮನೆಗೆ ಬಂದು ವಹಿ ತೆಗೆದು, ಎಡಗಡೆ 'ಸಮುದ್ರ (ಮುಂಬಯಿ)' ಎಂದು ಬರೆದದ್ದು. ಬಲಗಡೆ ತುಂಬಲು ಹಿಡಿದದ್ದು ಉಳಿದ ಚಳಿಗಾಲ. ಪರೀಕ್ಷೆಗಳ ನಡುವೆ ರಜೆ ಕೇಳುವುದು ನನಗೆ ಸಾಧ್ಯವಿರಲಿಲ್ಲ. ಬೇಸಿಗೆಯ ರಜೆ ಬರಲಿ ಎಂದೆ. ಅಕ್ಕ ಹೂಂ ಎಂದಳು. ಬೇಸಿಗೆ ಬರುವಷ್ಟರಲ್ಲಿ ಅವಳು ಲೋಕ ನೋಡುತ್ತಿದ್ದ ಬಳೆ ಉಂಗುರವಾಗಿತ್ತು. ರೊಟ್ಟಿ ಬಡಿಯುವಾಗ ರೊಟ್ಟಿಯ ನಡುಭಾಗ ಮಾತ್ರ ಕಾಣುತ್ತದೆ, ಅಂಚು ಕಾಣುವುದಿಲ್ಲ ಎನ್ನುತ್ತಿದ್ದಳು. ಆದರೂ ಅವಳ ರೊಟ್ಟಿ ದುಂಡಗೇ ಇರುತ್ತಿತ್ತು. ಅದನ್ನು ಕಂಡು ನಾನು, ಇನ್ನೂ ವೇಳೆ ಇದೆ ಎಂದು ಧೈರ್ಯ ತಂದುಕೊಳ್ಳುತ್ತಿದ್ದೆ.

ಯುದ್ಧದ ಕಾಲ. ಪೆಟ್ರೋಲು ಇಲ್ಲದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಗೌರವದ ಮಾತು. ಸೊಲ್ಲಾಪುರದ ಬಸ್ಸು ಹುಮನಾಬಾದದಿಂದ ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ, ಹೊರಡುತ್ತಿತ್ತು. ಅದು ನಮ್ಮೂರಿಗೆ ಹಾದಿ ತಿರುಗುವ ಫಾಟಾದ ಮೇಲೆಯೇ ಹಾದು ಹೋಗುತ್ತಿತ್ತು ನಿಜ, ಆದರೆ ಅಲ್ಲಿ ನಿಂತು ಕೈ ಮಾಡಿದರೆ ಒಳಗಿದ್ದವರು ತಿರುಗಿ ಕೈ ಮಾಡುತ್ತಿದ್ದರೇ ಹೊರತು ಬಸ್ಸು ನಿಲ್ಲುತ್ತಿರಲಿಲ್ಲ. ಜಾಗ ಬೇಕಾದವರು ಮೊದಲು ಪೂರ್ವಕ್ಕೆ ಹುಮನಾಬಾದಕ್ಕೆ ಹೋಗಿ, ಅಲ್ಲಿ ಹತ್ತಿ, ಮತ್ತೆ ತಮ್ಮೂರನ್ನೇ ದಾಟಿಕೊಂಡು ಪಶ್ಚಿಮಕ್ಕೆ ಹೋಗಬೇಕು. ಸೊಲ್ಲಾಪುರದಿಂದ ಮುಂಬಯಿಗೆ ರೈಲು.

ಅಕ್ಕನ ಸಮಾಧಾನಕ್ಕೆಂದು ಪಂಚಾಂಗ ನೋಡುವ ಜೋಯಿಸರ ಹತ್ತಿರ ಹೋದೆ. ಅಲ್ಲಿ ತೊಡಕು ಶುರುವಾಯಿತು. ಸೋಮವಾರ ಶನಿವಾರ ಪೂರ್ವಕ್ಕೆ ಹೊರಡಬಾರದು, ಅಂದರೆ ಹುಮನಾಬಾದ ಇಲ್ಲ. ಶುಕ್ರವಾರ ಭಾನುವಾರ ಪಶ್ಚಿಮಕ್ಕೆ ಹೊರಡಬಾರದು, ಅಂದರೆ ಸಮುದ್ರ ಇಲ್ಲ. ನಮಗೆ ಸಿಕ್ಕ ಬಸ್ಸು ಬುಧವಾರದ್ದು, ಒಳ್ಳೆಯ ಮುಹೂರ್ತ ಇದ್ದದ್ದು ಅದರ ಹಿಂದಿನ ಗುರುವಾರ. "ಫಿಕೀರ್ ಮಾಡಬ್ಯಾಡ್ರಿ ಮಾಸ್ತರ್, ಪ್ರಸ್ಥಾನ ಇಡ್ರಿ," ಎಂದರು ಜೋಯಿಸರು. ನಮ್ಮ ಕಡೆಯ ಹಿರಿಯರಿಗೆ ಇದು ಗೊತ್ತು. ಮುಹೂರ್ತಕ್ಕೆ ಸರಿಯಾಗಿ ನಾವು ಹೊರಡಲಾಗದಿದ್ದರೆ ನಮ್ಮ ಗಂಟನ್ನೋ ಪೆಟ್ಟಿಗೆಯನ್ನೋ ಹೊರಡಿಸಿ, ಹೋಗುವ ದಿಕ್ಕಿನ ಇನ್ನೊಬ್ಬರ ಮನೆಯಲ್ಲಿ ಇಡುವುದು. ಪೆಟ್ಟಿಗೆ ಹೊರಟಿತೆಂದರೆ ಪ್ರಯಾಣ ಶುರುವಾಯಿತು ಎಂದೇ ಲೆಕ್ಕ. ಆಮೇಲೆ ನಾವು ನಿಧಾನಕ್ಕೆ ಹೋಗಿ ಅದನ್ನು ಕೂಡಿಕೊಳ್ಳಬಹುದು. ಆದರೆ ಪ್ರಯಾಣ ಮುಗಿಯುವತನಕ ಅದು ತಿರುಗಿ ಹೊಸಿಲು ದಾಟಬಾರದು. "ಎಷ್ಟು ದಿನ ಇಡಬಹುದು?" ಎಂದು ಕೇಳಿದೆ. "ಏಳು ದಿನ," ಎಂದರು. ಬರೆದುಕೊಂಡೆ. ಬರೆದುಕೊಳ್ಳಬಾರದಿತ್ತು.

ಪೂರ್ವಕ್ಕಿದ್ದದ್ದು ಖಾಸಿಂಸಾಬನ ಮನೆ. ಗುರುವಾರ ಬೆಳಿಗ್ಗೆ ಮುಹೂರ್ತಕ್ಕೆ ಸರಿಯಾಗಿ ಪೆಟ್ಟಿಗೆ ಅವನ ಪಡಸಾಲೆ ಸೇರಿತು. ಅವನ ಹೆಂಡತಿ ರಹಿಮಾಬಿ ಅದರ ಕೆಳಗೆ ನೆಂಟರಿಗೆ ಹಾಸಿದಂತೆ ಚಾಪೆ ಹಾಸಿ, ಮೇಲೆ ಒಂದು ಹೂವಿನ ಬಟ್ಟೆ ಹೊದಿಸಿ, "ಮೆಹಮಾನ ಬಂದಾರ," ಎಂದು ನಕ್ಕಳು. ಬಸ್ಸಿಗಿಂತ ವಾರ ಮೊದಲೇ ಶಿಸ್ತಿನಿಂದ ಕಟ್ಟಿದ ಪೆಟ್ಟಿಗೆ ಅದು. ಪ್ರಯಾಣಕ್ಕೆ ಬೇಕಾದದ್ದೆಲ್ಲ ಅದರೊಳಗಿತ್ತು: ನನ್ನ ಕನ್ನಡಕ, ಕ್ಷೌರದ ಕತ್ತಿ, ಒಗೆದ ಅಂಗಿಗಳು, ಕೊಡೆ, ಅಕ್ಕನ ಎರಡು ಸೀರೆ. ಬದುಕಲು ಬೇಕಾದದ್ದೂ ಅವೇ ಎಂದು ನನಗೆ ಮರುದಿನ ಬೆಳಿಗ್ಗೆ ಗೊತ್ತಾಯಿತು. ಹೊರಟ ಸಾಮಾನು ತಿರುಗಿ ಮನೆಗೆ ಬರುವಂತಿಲ್ಲ. ಹಾಗಾಗಿ ನಾನೇ ಟವಲು ಹೆಗಲಿಗೆ ಹಾಕಿಕೊಂಡು ಖಾಸಿಂಸಾಬನ ಕಟ್ಟೆಗೆ ಹೋಗಿ ಕ್ಷೌರ ಮಾಡಿಕೊಂಡು, ಅಲ್ಲೇ ಕನ್ನಡಕ ಹಾಕಿಕೊಂಡು ನಾಲ್ಕು ಪುಟ ಓದಿ, ಕನ್ನಡಕವನ್ನು ಅಲ್ಲೇ ಇಟ್ಟು ಬರುತ್ತಿದ್ದೆ. "ಜನ ಮುಂಬಯಿಗಿ ಹೋಗ್ತಾರ, ಕಾಶಿಗಿ ಹೋಗ್ತಾರ. ನಮ್ಮ ಮಾಸ್ತರ್ರು ದಿನಾ ನಮ್ಮನಿ ಪ್ರವಾಸಕ್ಕ ಬರ್ತಾರ," ಎನ್ನುತ್ತಿದ್ದ ಖಾಸಿಂಸಾಬ.

ಮಂಗಳವಾರ ಹುಮನಾಬಾದದಿಂದ ಸುದ್ದಿ ಬಂತು. ಬಸ್ಸಿಗೆ ಬೇನೆ. ಸುದ್ದಿ ತಂದ ಡ್ರೈವರನನ್ನು ಏನಾಯಿತೆಂದು ಕೇಳಿದರೆ, "ದಮ್ಮು ಹತ್ಯದರಿ. ಉಸರು ಒಳಗ ಹೋಗ್ತದ, ಹೊರಗ ಬರವಲ್ದು. ಶನಿವಾರತನಕ ರಿಪೇರಿ ಆಗ್ತದ, ನಿಮ್ಮ ಎರಡು ಜಾಗಾ ಹಿಡಿದಿಡ್ತೀನಿ," ಎಂದ. ಶನಿವಾರವೆಂದರೆ ಪೂರ್ವಕ್ಕೆ ನಿಷೇಧ. ಅದೂ ಅಲ್ಲದೆ ಗುರುವಾರಕ್ಕೆ ಪ್ರಸ್ಥಾನದ ಏಳು ದಿನ ಮುಗಿದುಹೋಗುತ್ತವೆ. ನಾನು ಮತ್ತೆ ಜೋಯಿಸರ ಹತ್ತಿರ ಹೋದೆ. ಅವರು ಒಳ್ಳೆಯ ಮನುಷ್ಯರು. ಅಕ್ಕನ ಕಣ್ಣಿನ ಸಂಗತಿ ಅವರಿಗೂ ಗೊತ್ತಿತ್ತು. "ಗಾಡಿ ನಿಂತದ್ದು ನಿಮ್ಮ ತಪ್ಪಲ್ಲ ಬಿಡ್ರಿ. ಏಳಿದ್ದದ್ದು ಹತ್ತು ಅಂತ ಹಿಡೀರಿ. ಶನಿವಾರ ಬಾಯಿಗಿ ಸ್ವಲ್ಪ ಬೆಲ್ಲ ಹಾಕ್ಕೊಂಡು ಹೋಗಿಬಿಡ್ರಿ, ಯಾವ ದೋಷಾನೂ ಇಲ್ಲ," ಎಂದರು.

ನಾನು ವಹಿ ತೆರೆದು ತೋರಿಸಿದೆ. "ನೀವೇ ಏಳು ಅಂದೀರಿ. ಇಲ್ಲಿ ಬರಕೊಂಡೀನಿ."

"ನಾ ಅಂದದ್ದು ನಾನೇ ಬಿಚ್ಚಾಕತ್ತೀನಲ್ರಿ ಮಾಸ್ತರ್!"

"ಹಂಗ ಬಿಚ್ಚಕೋತ ಹೋದ್ರ ನಿಯಮ ಅನ್ನೋದು ಯಾಕಿರಬೇಕು?" ಎಂದೆ.

ಮುಹೂರ್ತದಲ್ಲಿ ನನಗೆ ಅಂಥ ನಂಬಿಕೆಯೇನೂ ಇರಲಿಲ್ಲ. ನಂಬಿಕೆ ಇದ್ದವನು ಬೇಕಾದಾಗ ಬಾಗುತ್ತಾನೆ. ನನಗಿದ್ದದ್ದು ಕ್ರಮದ ಮೇಲಿನ ಪ್ರೀತಿ, ಅದು ಬಾಗುವುದಿಲ್ಲ. ಶುಕ್ರವಾರ ಸಂಜೆ ಅಕ್ಕ ಅಂಗಳದಲ್ಲಿ ನಿಂತು, "ತಮ್ಮಾ, ಜೋಯಿಸರೇ ಹೂಂ ಅಂದಾರ. ನನಗ ಬಂದ ದೋಷ ಬರಲಿ, ನಾಳೆ ನಡಿ ಹೋಗೋಣು," ಎಂದಳು. ಅವಳು ನನ್ನನ್ನು ಏನನ್ನಾದರೂ ಎರಡನೆಯ ಸಲ ಬೇಡಿದ್ದು ನನ್ನ ನೆನಪಿನಲ್ಲಿ ಅದೊಂದೇ. "ಅವಸರದಾಗ ಹೊಂಟ್ರ ಎಲ್ಲಾ ಕೆಡತದ ಅಕ್ಕಾ. ಮುಂದಿನ ಮುಹೂರ್ತಕ್ಕ ನೆಟ್ಟಗ ಹೋಗೋಣು," ಎಂದೆ. ಆ ಶನಿವಾರ ಬಸ್ಸು ನಮ್ಮೂರ ಫಾಟಾ ದಾಟಿ ಸೊಲ್ಲಾಪುರಕ್ಕೆ ಹೋಯಿತು. ಎರಡು ಜಾಗ ಖಾಲಿ ಇದ್ದವೆಂದು ಡ್ರೈವರ ಆಮೇಲೆ ಹೇಳಿದ. ಅವನು ಅದನ್ನು ಹೇಳದಿದ್ದರೂ ನಡೆಯುತ್ತಿತ್ತು.

ಮುಂದಿನ ಮುಹೂರ್ತ ಬಂತು. ಹೊಸ ಪ್ರಸ್ಥಾನಕ್ಕೆ ಪೆಟ್ಟಿಗೆ ಹೊಸದಾಗಿ ಹೊರಡಬೇಕು. ಹಿಂದಕ್ಕೆ ತರುವಂತಿಲ್ಲವಾದ್ದರಿಂದ ಅದು ಪಡಸಾಲೆಯಿಂದ ಖಾಸಿಂಸಾಬನ ಹಿತ್ತಿಲ ಕೋಣೆಗೆ ಹೋಯಿತು. ಆ ಸಲ ಬಸ್ಸಿನ ಜಾಗವನ್ನೆಲ್ಲ ಮದುವೆಯ ದಿಬ್ಬಣದವರು ಹಿಡಿದುಬಿಟ್ಟಿದ್ದರು. ಅದರ ಮುಂದಿನದಕ್ಕೆ ಪೆಟ್ಟಿಗೆ ಹಿತ್ತಿಲ ಕೋಣೆಯಿಂದ ಲಾಳದ ಕೊಟ್ಟಿಗೆಗೆ ದಾಟಿತು, ಆಗ ಮಳೆ ಬಿದ್ದು ರಸ್ತೆ ಹೋಯಿತು. "ಹಿಂಗೇ ಸರಿಸ್ಕೋತ ಹೋಗ್ರಿ ಮಾಸ್ತರ್," ಎಂದ ಖಾಸಿಂಸಾಬ, "ದಸರಾ ಅನ್ನೋದ್ರೊಳಗ ಪೆಟ್ಟಿಗಿ ತಾನೇ ನಡಕೊಂಡು ಹುಮನಾಬಾದ ಮುಟ್ಟತದ." ಆಮೇಲೆ ನಗುವನ್ನು ನಿಲ್ಲಿಸಿ, ಎತ್ತಿನ ಗೊರಸು ಕೆರೆಯುತ್ತ, ತಲೆ ಎತ್ತದೆ ಹೇಳಿದ: "ಅಕ್ಕಾರು ನಿನ್ನಿ ಬಂದಿದ್ರು. ಪೆಟ್ಟಿಗಿ ಎಲ್ಲಿ ಅದ ಅಂತ ಕೈಯಾಡಿಸಿ ಹುಡುಕಾಕತ್ತಿದ್ರು. ಅದು ಅವರ ಎದುರಿಗೇ ಇತ್ತು."

ಅವನ ಮಾತನ್ನು ನಾನು ಕೇಳಿಸಿಕೊಂಡೆ, ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಶಾಲೆ ಶುರುವಾಗಿತ್ತು. ಆ ವಾರ ನನ್ನ ಬೇಳೆಯಲ್ಲಿ ಹರಳು ಸಿಕ್ಕಿತು. ಮರುದಿನ ಮತ್ತೆ ಸಿಕ್ಕಿತು. ಮೂರನೆಯ ದಿನ ಹಲ್ಲು ಕಟ್ಟೆಂದಾಗ ನಾನು ತಾಟು ಸರಿಸಿ, "ಏನಕ್ಕಾ ಇದು? ದಿನಾ ಹರಳು! ಬ್ಯಾಳಿ ಆರಿಸಾಕ ನಿನಗ ವ್ಯಾಳ್ಯಾ ಇಲ್ಲೇನು?" ಎಂದು ಗದರಿದೆ. ಅಕ್ಕ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. "ವ್ಯಾಳ್ಯಾ ಅದ," ಎಂದಳು. ಬೇಳೆಯ ಗಡಿಗೆಯನ್ನು ತಡವಿ ಮುಚ್ಚುತ್ತ, "ನಾಳಿಂದ ನೀನ ಆರಿಸು ತಮ್ಮಾ," ಎಂದಳು.

ಆ ಹೊತ್ತಿಗೆ ಶಾಲೆಯ ಗಂಟೆ ಬಾರಿಸಿತು. ನಾನು ಎದ್ದು ಕೈ ತೊಳೆದುಕೊಂಡು ಹೋದೆ. ಅದನ್ನೂ ಬರೆಯಬೇಕು, ಬಿಟ್ಟರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ.

ಮಳೆಗಾಲ ಮುಗಿದು ರಸ್ತೆ ಸರಿಯಾಯಿತು. ಅಕ್ಕನ ಕಣ್ಣೇ ಹೋದ ಮೇಲೆ ಇನ್ನು ಹೋಗುವುದೇಕೆ ಎಂದು ನಾನು ಸುಮ್ಮನಿದ್ದೆ. ಅಕ್ಕ ಸುಮ್ಮನಿರಲಿಲ್ಲ. "ಪೆಟ್ಟಿಗಿ ಹೊಂಟು ಕುಂತದ. ಅದನ್ನ ಹಂಗ ಅರ್ಧಕ್ಕ ಬಿಡಬಾರದು. ನೀ ಹೋಗಿ ಬಾ. ಛಂದಾಗಿ ನೋಡಿ ಬಂದು ನನಗ ಹೇಳು. ನಾ ಕೇಳ್ತೀನಿ," ಎಂದಳು. ನಾನು ಬರುವತನಕ ರಹಿಮಾಬಿ ಅಕ್ಕನ ಜೊತೆ ಇರುವುದೆಂದಾಯಿತು. ದಸರೆಯ ರಜೆಯಲ್ಲಿ ನಾನೊಬ್ಬನೇ ಹೊರಟೆ. ಈ ಸಲ ಯಾವ ಮುಹೂರ್ತವನ್ನೂ ಕೇಳಲಿಲ್ಲ. ಬಸ್ಸು ಕೆಮ್ಮುತ್ತ ಹೋಯಿತು, ರೈಲು ವೇಳೆಗೆ ಬಂತು, ಎಲ್ಲವೂ ನೆಟ್ಟಗೆ ನಡೆಯಿತು. ಒಬ್ಬ ಮನುಷ್ಯ ಒಂದು ವಾರದಲ್ಲಿ ಸಮುದ್ರ ನೋಡಿ ಬರುವುದು ಇಷ್ಟು ಸುಲಭವೆಂದು ಗೊತ್ತಾದದ್ದೇ ಆ ಪ್ರವಾಸದಲ್ಲಿ ನನಗಾದ ದೊಡ್ಡ ಕಷ್ಟ.

ಮನೆಗೆ ಬಂದ ದಿನ ಅಕ್ಕ ಕಂಬಕ್ಕೆ ಒರಗಿ ಕೂತು, "ಹೇಳು," ಎಂದಳು. ರಹಿಮಾಬಿಯೂ ಮಗ್ಗುಲಿಗೆ ಕೂತಳು. ನಾನು ಕನ್ನಡಕ ಹಾಕಿಕೊಂಡು ವಹಿ ತೆರೆದು ಮೊದಲಿನಿಂದ ಓದತೊಡಗಿದೆ. ಹುಮನಾಬಾದ ಬಿಟ್ಟ ವೇಳೆ, ಸೊಲ್ಲಾಪುರದ ಸ್ಟೇಷನ್ನಿನಲ್ಲಿ ಕುಡಿಯುವ ನೀರು ಎಲ್ಲಿ ಸಿಗುತ್ತದೆ, ರೈಲಿನಲ್ಲಿ ಯಾವ ಬದಿಗೆ ಬಿಸಿಲು ಬರುವುದಿಲ್ಲ, ಮುಂಬಯಿಯ ಧರ್ಮಶಾಲೆಯಲ್ಲಿ ಬಾಗಿಲು ಎಷ್ಟಕ್ಕೆ ಹಾಕುತ್ತಾರೆ, ಯಾವ ಟ್ರಾಂ ಎಲ್ಲಿಗೆ ಹೋಗುತ್ತದೆ. ಅಕ್ಕ ಬಹಳ ಹೊತ್ತು ತಾಳಿಕೊಂಡಳು.

"ಸಮುದ್ರ ಯಾವಾಗ ಬರ್ತದ ತಮ್ಮಾ?"

"ಇಗಾ, ಇಲ್ಲದ ನೋಡು. 'ನಾಲ್ಕೂವರೆಗೆ ಸಮುದ್ರ. ಐದಕ್ಕೆ ವಾಪಸ್.'"

"ಮುಂದ?"

"ಮುಂದ ಟ್ರಾಂ."

"ಬಣ್ಣ ಹ್ಯಾಂಗಿತ್ತು?" ಎಂದಳು ಅಕ್ಕ. ನಾನು ವಹಿಯಲ್ಲಿ ಹುಡುಕಿದೆ. ಬಣ್ಣ ಬರೆದುಕೊಂಡಿರಲಿಲ್ಲ. ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದೆ. ಮರಳಿನ ಮೇಲೆ ಬಿಟ್ಟ ನನ್ನ ಚಪ್ಪಲಿಗಳು ಮಾತ್ರ ನೆನಪಾದವು. ಅಂಥ ಜಾಗದಲ್ಲಿ ಚಪ್ಪಲಿ ಕಳುವಾಗುತ್ತವೆಂದು ಹೋಗಿ ಬಂದವರು ಹೇಳಿದ್ದರು. ಹಾಗಾಗಿ ಆ ಅರ್ಧ ಗಂಟೆ ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಚಪ್ಪಲಿಯ ಮೇಲೆ ಇಟ್ಟುಕೊಂಡು ನೀರಿಗೆ ಬೆನ್ನು ಮಾಡಿ ನಿಂತಿದ್ದೆ. ಅದನ್ನು ಹಾಗೆಯೇ ಹೇಳಿದೆ.

"ಚಪ್ಪಲ್ ಹುಷಾರಾಗಿ ಬಂದುವಲ್ಲ," ಎಂದಳು ಅಕ್ಕ, "ಅಷ್ಟು ಸಾಕು ಬಿಡು." ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಆಮೇಲೆ ಅವಳು ಹದಿನಾಲ್ಕು ವರ್ಷ ಬದುಕಿದ್ದಳು. ಈ ಮಾತನ್ನು ಮತ್ತೆ ನನ್ನ ಮುಂದೆ ಎತ್ತಲಿಲ್ಲ. ಆದರೆ ಮಧ್ಯಾಹ್ನದ ಹೊತ್ತು ರಹಿಮಾಬಿ ಬಂದು ಕೂತಾಗ ಅವಳಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬೀಳುತ್ತಿತ್ತು. "ನಮ್ಮ ತಮ್ಮ ನೋಡಿ ಬಂದಾನಲ್ಲ, ಬೆಳಿಗ್ಗಿ ಅದು ಜೋಳದ ಎಳಿ ಗರಿ ಬಣ್ಣ ಇರತದಂತ. ಬಿಸಲೇರಿದಂಗ ಹಿಟ್ಟು ನಾದೋ ಕಲಾಯಿ ಪರಾತದಂಗ ಆಗ್ತದಂತ. ಒಂದು ತೆರಿ ಬಂದು ಕಾಲು ಮುಟ್ಟಿ, ಏನೋ ಮರೆತು ಬಂದಂಗ ಹಿಂದಕ್ಕ ಓಡತದಂತ. ಆಚಿ ದಂಡಿ ಅನ್ನೋದೇ ಇಲ್ಲಂತ ರಹಿಮಾಬಿ, ಎಷ್ಟು ನೋಡಿದ್ರೂ ಒಬ್ರೂ ಅರಿವಿ ಒಗಿಯೋರು ಕಾಣಂಗಿಲ್ಲಂತ." ದಿನಕ್ಕೊಂದು ಹೊಸದು ಸೇರುತ್ತಿತ್ತು. ನಾನು ಪಡಸಾಲೆಯಲ್ಲಿ ಹುಡುಗರ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಕೆಂಪು ಪೆನ್ಸಿಲು ಹಿಡಿದ ಕೈ ನಿಲ್ಲಿಸಿ ಕೇಳುತ್ತ ಕೂಡುತ್ತಿದ್ದೆ. ನಾನು ನೋಡಿ ಬಂದ ಸಮುದ್ರ ಹೇಗಿತ್ತೆಂದು ನನಗೆ ತಿಳಿದದ್ದು ಹಾಗೆ. ಕೆಲವು ಸಲ ರಹಿಮಾಬಿಗೆ ಅನುಮಾನ ಬಂದು, ಬಾಗಿಲಿಂದ ಇಣುಕಿ, "ಹೌದೇನ್ರಿ ಮಾಸ್ತರ್, ಖರೇ ಹಂಗ ಇತ್ತೇನ್ರಿ?" ಎಂದು ಕೇಳುತ್ತಿದ್ದಳು. ಅಲ್ಲಿದ್ದ ಮೂವರಲ್ಲಿ ಸಮುದ್ರಕ್ಕೆ ಹೋಗಿ ಬಂದವನು ನಾನೊಬ್ಬನೇ. ಸಾಕ್ಷಿ ಕೇಳುವುದಿದ್ದರೆ ನನ್ನನ್ನೇ ಕೇಳಬೇಕು.

"ಹೌದವ್ವಾ," ಎನ್ನುತ್ತಿದ್ದೆ, "ಹಂಗೇ ಇತ್ತು."